ನದಿ ಎದುರಿಗೆ ಬಂದದ್ದು

ಪೇ ಯುಂಗ್‌ಶಾನ್ ರಂಗದ ಮೇಲೆ ಕಣ್ಣು ತೆರೆದಾಗ ಹಳದಿ ನದಿ ತನ್ನ ಪಾತ್ರ ಬಿಟ್ಟು ಎದ್ದು, ಗುಡಿಯ ಹಿತ್ತಿಲಿನಿಂದ ಗುಡಿಯ ಅಂಗಳಕ್ಕೆ ಬಂದು, ಅವನ ಮುಖ ನೋಡಿಕೊಂಡು ಮತ್ತೆ ತನ್ನ ಜಾಗಕ್ಕೆ ಹೋಗಿ ಮಲಗಿತು. ಇದು ನಡೆದದ್ದು ಹೋದ ಶರತ್ಕಾಲದಲ್ಲಿ, ಹಾಡುಹಗಲಲ್ಲಿ, ಅರ್ಧ ಸೀಮೆಯ ಜನರ ಎದುರಿಗೆ. ಮುಂದಿನ ಸಾಲಿನ ಮುದುಕಿಯರು ಬಟ್ಟೆಯ ಚಪ್ಪಲಿ ಒದ್ದೆಯಾಗದಂತೆ ಬೆಂಚಿನ ಮೇಲೆ ಕಾಲೆತ್ತಿಕೊಂಡರು. ಒಬ್ಬ ಅಂಬಿಗ ದೋಣಿ ಸಮೇತ ಅಂಗಳಕ್ಕೆ ಬಂದುಬಿಟ್ಟವನು, ಬಂದದ್ದಂತೂ ಆಯಿತು ಎಂದು ಆಟ ಮುಗಿಯುವವರೆಗೆ ಹುಟ್ಟು ಮಡಿಲಲ್ಲಿಟ್ಟುಕೊಂಡು ಕೂತು ನೋಡಿದ. ನೀರು ಹಿಂದಿರುಗಿದ ಮೇಲೆ ಅಂಗಳದಲ್ಲಿ ಉಳಿದ ಮೀನುಗಳನ್ನು ಯಾರೂ ಮನೆಗೆ ಒಯ್ಯಲಿಲ್ಲ. ದರ್ಶನಕ್ಕೆ ಬಂದ ಮೀನನ್ನು ಸಾರು ಮಾಡುವುದುಂಟೇ ಎಂದು ಬುಟ್ಟಿಗೆ ತುಂಬಿ ನದಿಗೇ ಬಿಟ್ಟು ಬಂದರು. ನಂಬದವರಿಗೆ ಯುಂಗ್‌ಶಾನ್ ಗುಡಿಯ ಕಂಬದ ಬುಡದಲ್ಲಿರುವ ಕೆಸರಿನ ಗೆರೆ ತೋರಿಸುತ್ತಿದ್ದ. ಆ ಗೆರೆ ತನ್ನ ಅಜ್ಜನ ಕಾಲದಿಂದಲೂ ಇದೆಯಲ್ಲ ಎಂದು ಯಾರಾದರೂ ಅಂದರೆ, ಹಾಗೆ ಅಂದವನ ಅಜ್ಜನೂ ಇಂಥದೇ ಅನುಮಾನದ ಪ್ರಾಣಿಯಾಗಿದ್ದ ಎಂದು ನೆನಪಿಸಿಕೊಂಡು ನಗುತ್ತಿದ್ದ.

ಇವತ್ತು ಮತ್ತೆ ಅದೇ ಗುಡಿ, ಅದೇ ರಂಗ. ವಸಂತದ ಗಾಳಿ ಹಳದಿ ಮಣ್ಣು ಹೊತ್ತು ತಂದು ಬಣ್ಣದ ಕೋಣೆಯ ಕಿಟಕಿಗೆ ಅಂಟಿಸಿದ ಕಾಗದದ ಮೇಲೆ ಎರಚುತ್ತಿತ್ತು. ಮಧ್ಯಾಹ್ನದ ಆಟಕ್ಕೆ ಸೇರಿದ ಜನ ಸೂರ್ಯಕಾಂತಿ ಬೀಜ ಕಚ್ಚುವ ಸದ್ದು ಗೋಡೆಯಾಚೆಯಿಂದ ಇಲಿಗಳ ಮದುವೆಯ ಹಾಗೆ ಕೇಳುತ್ತಿತ್ತು. ಯುಂಗ್‌ಶಾನ್ ಕನ್ನಡಿಯ ಮುಂದೆ ಕೂತಿದ್ದ. ಮುಖಕ್ಕೆಲ್ಲ ಕೆಂಪು ಹಚ್ಚಿಯಾಗಿತ್ತು, ಹುಬ್ಬು ತೀಡಿಯಾಗಿತ್ತು. ಎದೆ ಮುಚ್ಚುವ ಗಡ್ಡ ಗೂಟದಲ್ಲಿ ತೂಗಾಡುತ್ತಿತ್ತು, ಹಸಿರು ಕಿರೀಟ ಮೊಣಕಾಲ ಮೇಲಿತ್ತು. ಅವನ ಬೆರಳು ಕಿರೀಟದ ಒಳಪಟ್ಟಿಯ ಮಡಿಕೆಯೊಳಗೆ ಹೋಯಿತು, ಸುತ್ತಿತು, ಮತ್ತೊಮ್ಮೆ ಸುತ್ತಿತು. ಮಡಿಕೆಯಲ್ಲಿ ಇರಬೇಕಾದ ಹಳದಿ ಕಾಗದ ಇರಲಿಲ್ಲ.

ಆ ಕಾಗದದಲ್ಲಿ ಇರುವುದು ಹಿರೀರ ಚಿತ್ರ. ಗುವಾನ್ ಯು ಎಂಬ ಹೆಸರನ್ನು ಮೇಳದವರು ಬಾಯಿಬಿಟ್ಟು ಹೇಳುವುದಿಲ್ಲ, ಹಿರೀರು ಅನ್ನುತ್ತಾರೆ. ಈ ಸೀಮೆಯ ಉಪ್ಪುನೀರಿನ ಕೆರೆಯ ದಂಡೆಯಲ್ಲಿ ಹುಟ್ಟಿ, ಯಾರದೋ ಹಿತ್ತಿಲ ಪೀಚ್ ಮರಗಳ ಕೆಳಗೆ ಇಬ್ಬರ ಜೊತೆ ಅಣ್ಣತಮ್ಮಂದಿರಾಗುವ ಆಣೆ ಮಾಡಿ, ಆ ಒಂದು ಆಣೆಯನ್ನು ಸಾಯುವವರೆಗೂ ಬೆನ್ನಿಗೆ ಕಟ್ಟಿಕೊಂಡು ತಿರುಗಿದ ಸೇನಾಧಿಪತಿ; ಸತ್ತ ಮೇಲೆ ದೇವರಾದವರು. ಅವರ ವೇಷ ಹಾಕುವವನು ಮೂರು ದಿನ ಮಾಂಸ ಮುಟ್ಟಬಾರದು, ಹೆಂಡ ಮುಟ್ಟಬಾರದು, ಹೆಂಡತಿಯನ್ನು ಮುಟ್ಟಬಾರದು. ಬಣ್ಣದ ಕೋಣೆಯಲ್ಲಿರುವ ಹಿರೀರ ಪೀಠದ ಮುಂದೆ ಊದುಬತ್ತಿ ಹಚ್ಚಿ ಆ ಕಾಗದ ತೆಗೆದುಕೊಂಡು ಕಿರೀಟದೊಳಗೆ ಇಟ್ಟುಕೊಳ್ಳಬೇಕು. ಕೆಂಪು ಮುಖಕ್ಕೆ ಏರಿದ ಮೇಲೆ ರಂಗಕ್ಕೆ ಕಾಲಿಡುವವರೆಗೆ ತುಟಿ ಬಿಚ್ಚಬಾರದು. ಆಟ ಮುಗಿದ ಮೇಲೆ ಅದೇ ಕಾಗದದಿಂದ ಬಣ್ಣ ಒರೆಸಿ ಪೀಠದ ಮುಂದೆ ಸುಡಬೇಕು. ಯುಂಗ್‌ಶಾನ್ ತನ್ನ ಆಯಸ್ಸಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ ಹೊತ್ತನ್ನೆಲ್ಲ ಕೂಡಿಸಿದರೆ ಅದು ಈ ಕನ್ನಡಿಯ ಮುಂದೆ ಕೂತ ಹೊತ್ತು ಮಾತ್ರ. ನಿದ್ದೆಯಲ್ಲಿ ಕೂಡ ಅವನು ಯಾರಿಗಾದರೂ ಏನಾದರೂ ಹೇಳುತ್ತಿರುತ್ತಾನೆ ಎಂದು ಅವನ ಹೆಂಡತಿ ಬದುಕಿದ್ದಾಗ ದೂರುತ್ತಿದ್ದಳು. ಈಗ ಕೇಳಬೇಕು, ಕೂಗಬೇಕು, ಪೆಟ್ಟಿಗೆಗಳನ್ನೆಲ್ಲ ಬೋರಲು ಹಾಕಿಸಬೇಕು. ಆದರೆ ಮುಖ ಕೆಂಪಾಗಿಬಿಟ್ಟಿದೆ. ಇಟ್ಟಿದ್ದೆ, ಬೆಳಿಗ್ಗೆಯೇ ಇಟ್ಟಿದ್ದೆ, ಎಂದುಕೊಂಡ. ಪೀಠದಿಂದ ತೆಗೆದುಕೊಂಡದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಕಿರೀಟ. ಕಿರೀಟದೊಳಗೆ ಕೈ ಹೋದದ್ದು ಮಾತ್ರ, ಇವತ್ತಿನದೋ ಹೋದ ತಿಂಗಳದೋ, ಬಿಡಿಸಿ ನೋಡಲು ಆಗುತ್ತಿಲ್ಲ.

ಇಟ್ಟದ್ದು ಇಲ್ಲ ಅಂದರೆ ತೆಗೆದವರಿದ್ದಾರೆ. ಕನ್ನಡಿಯಲ್ಲಿ ಕೋಣೆಯ ಹಿಂಭಾಗ ಕಾಣುತ್ತಿತ್ತು. ಅಲ್ಲಿ ಜಿಂಗ್ ಲಾಯ್‌ಫು, ಮುಖಕ್ಕೆ ಮಸಿ ಬಳಿದುಕೊಂಡು, ಗೋಡೆಯ ಗೂಟದ ಹತ್ತಿರ ನಿಂತಿದ್ದ. ಹಿರೀರ ಕತ್ತಿ ಹೊರುವ ಸೇವಕನ ವೇಷ ಅವನದು. ಇಬ್ಬರಿಗೂ ಮೀಸೆ ಬರುವ ಮೊದಲಿನಿಂದ ಯುಂಗ್‌ಶಾನನ ಬೆನ್ನ ಹಿಂದೆ, ಆಳೆತ್ತರದ ಕೋಲಿನ ಬಾಗುಕತ್ತಿ ಹಿಡಿದು ನಿಂತವನು. ಮಾತು ಕಡಿಮೆ. ಬುದ್ಧನಿಗೆ ಹರಕೆ ಹೊತ್ತು ಮಾಂಸ ಬಿಟ್ಟವನು, ಆ ಹರಕೆಯಲ್ಲಿ ಬೆಳ್ಳುಳ್ಳಿಯನ್ನೂ ಬಿಟ್ಟವನು. ಇಂಥವರನ್ನು ಹೇಗೆ ನಂಬುವುದು ಎಂದು ಯುಂಗ್‌ಶಾನನಿಗೆ ಯಾವತ್ತೂ ಅನಿಸಿದೆ. ಬೆಳ್ಳುಳ್ಳಿ ಕೂಡ ತಿನ್ನದವನ ಹೊಟ್ಟೆಯೊಳಗೆ ಏನಿದೆ ಎಂದು ಬಾಯಿಯ ವಾಸನೆಯಿಂದಲೂ ತಿಳಿಯುವಂತಿಲ್ಲ. ಲಾಯ್‌ಫು ಕೈ ಚಾಚಿ ಗೂಟದಲ್ಲಿದ್ದ ಯುಂಗ್‌ಶಾನನ ಹತ್ತಿಯ ಕೋಟನ್ನು ಸರಿಪಡಿಸುವವನಂತೆ ಎಳೆದ. ಅದರ ಜೇಬಿಗೆ ಕೈ ಹಾಕಿದ. ಮುದುಡಿದ ಏನನ್ನೋ ತೆಗೆದ, ಮೂಗಿನ ಹತ್ತಿರ ಹಿಡಿದ, ಕನ್ನಡಿಯ ಕಡೆ ಒಮ್ಮೆ ನೋಡಿ ತನ್ನ ಅಂಗಿಯ ತೋಳಿನೊಳಗೆ ತುರುಕಿಕೊಂಡ. ಅದರ ಅಂಚು ಹಳದಿಯಾಗಿತ್ತು.

ಕಳ್ಳ, ಎಂದಿತು ಯುಂಗ್‌ಶಾನನ ಮುಚ್ಚಿದ ಬಾಯಿ. ಆ ಒಂದು ಶಬ್ದ ಹೊರಗೆ ಬರಲಾರದೆ ಒಳಗೇ ಓಡಾಡಿ, ಹಳೆಯ ಬಾಗಿಲುಗಳನ್ನೆಲ್ಲ ತಟ್ಟಿತು. ಮೊನ್ನೆ ಬಾವಿಯ ಹತ್ತಿರ ಲಾಯ್‌ಫು ಮೇಳದ ಯಜಮಾನಿ ಗ್ವೇಲಾನ್ ಜೊತೆ ಪಿಸುಗುಡುತ್ತ ನಿಂತಿದ್ದು, ರಂಗದ ಕಡೆ ಕೈ ತೋರಿಸಿದ್ದು, ಯುಂಗ್‌ಶಾನ್ ಬಂದ ಕೂಡಲೇ ಇಬ್ಬರೂ ನೀರು ಸೇದುವುದರಲ್ಲಿ ಮುಳುಗಿದ್ದು. ಗ್ವೇಲಾನಳ ಅಪ್ಪನೂ ಯುಂಗ್‌ಶಾನನೂ ಒಬ್ಬನೇ ಗುರುವಿನ ಬೆತ್ತ ತಿಂದವರು. ತೊಟ್ಟಿಲಲ್ಲಿ ಮಲಗಿದ್ದಾಗ ಅವಳಿಗೆ ಜೋಗುಳದ ಬದಲು ಯುದ್ಧದ ಹಾಡು ಹೇಳಿ ಅಳಿಸಿದವನು ಅವನು. ಅವಳು ಇವತ್ತು ಬೆಳಿಗ್ಗೆ ರಾಗಿ ಬಣ್ಣದ ಸ್ವೆಟರಿನಲ್ಲಿ ಕೈಕಟ್ಟಿ ನಿಂತು, ಅವನ ಮುಖ ನೋಡದೆ ಹೇಳಿದ್ದಳು, "ಚಿಕ್ಕಪ್ಪ, ಇವತ್ತಿನ ಆಟ ಆಗ್ಲಿ. ಆಮೇಲೆ ಕೂತು ಮಾತಾಡೋಣ, ಮುಂದೆ ಕೆಂಪು ಯಾರು ಹಚ್ಕೋಬೇಕು ಅಂತ." ಯಾರು ಅಂದರೆ ಏನು? ಈ ನದಿಯ ಎರಡೂ ದಡದಲ್ಲಿ ಕೆಂಪು ಅಂದರೆ ಪೇ ಯುಂಗ್‌ಶಾನ್. ಅವನು ರಂಗಕ್ಕೆ ಬಂದರೆ ಕಟ್ಟಿದ ಹೇಸರಗತ್ತೆಗಳು ಮಂಡಿಯೂರುತ್ತವೆ, ಬಸುರಿಯರಿಗೆ ಗಂಡುಮಕ್ಕಳು ಹುಟ್ಟುತ್ತಾರೆ, ಸುಳ್ಳು ತೂಕ ಹಾಕುವ ವ್ಯಾಪಾರಿಗಳ ತಕ್ಕಡಿ ತಾನಾಗಿ ಸರಿಯಾಗುತ್ತದೆ. ಕೆಂಪು ತೆಗೆದುಬಿಟ್ಟರೆ ಉಳಿಯುವುದು ಸಡಿಲ ಹಲ್ಲಿನ ಒಬ್ಬ ವಿಧುರ, ಮೇಳ ಊರು ಬಿಡುವಾಗ ಬೇರೆಯವರ ಹಾಸಿಗೆ ಸುತ್ತಿಕೊಡುವವನು. ಆ ಮುದುಕನ ಪರಿಚಯ ಯುಂಗ್‌ಶಾನನಿಗೇ ಇರಲಿಲ್ಲ. ಮಾಡಿಕೊಳ್ಳುವ ಇಷ್ಟವೂ ಇರಲಿಲ್ಲ.

ಮತ್ತೆ ಆ ಕುಟ್ಟುವಿಕೆ. ಹೋದ ಶರತ್ಕಾಲದಿಂದ ಲಾಯ್‌ಫು ರಂಗದ ಮೇಲೆ ಬೆನ್ನ ಹಿಂದೆ ನಿಂತು ಕತ್ತಿಯ ಬುಡವನ್ನು ಹಲಗೆಗೆ ಕುಟ್ಟಲು ಶುರುಮಾಡಿದ್ದ. ಮೆಲ್ಲಗೆ, ತಾಳದವರಿಗೆ ಕೇಳಿಸದಷ್ಟು, ಆದರೆ ಹಲಗೆಯ ಮೂಲಕ ಯುಂಗ್‌ಶಾನನ ಅಂಗಾಲಿಗೆ ತಿಳಿಯುವಷ್ಟು. ಎಡಕ್ಕೆ ತಿರುಗುವ ಹೊತ್ತಿಗೆ ಎಡಗಡೆ ಕುಟ್ಟುತ್ತಾನೆ, ಬಲಕ್ಕಾದರೆ ಬಲಗಡೆ. ಎತ್ತು ಹೊಡೆಯುವವನ ಹಾಗೆ. ನನ್ನ ಆಟ ಇವನು ನಡೆಸುತ್ತಿದ್ದಾನೆ ಎಂದು ಜನಕ್ಕೆ ತೋರಿಸುವುದಕ್ಕಲ್ಲದೆ ಇನ್ನೇಕೆ? ಕೇಳಿದರೆ ಲಾಯ್‌ಫು, "ಕತ್ತಿ ಭಾರ ಅಣ್ಣ, ಕೈ ಜಾರುತ್ತೆ," ಎಂದಿದ್ದ. ಅಷ್ಟು ವರ್ಷ ಜಾರದ ಕೈ. ಹಿರೀರ ಕಥೆಯಲ್ಲೂ ಕೋಟೆಯ ಬಾಗಿಲು ತೆರೆದುಕೊಟ್ಟವರು ಹಗೆಗಳಲ್ಲ, ಅವರ ಜೊತೆ ಅನ್ನ ಉಂಡವರು. ಆ ಪ್ರಸಂಗವನ್ನು ಮೇಳ ಆಡುವುದಿಲ್ಲ. ಹಿರೀರ ತಲೆ ಹೋಗುವುದನ್ನು ಹಿರೀರ ಊರಿನಲ್ಲಿ ಯಾರು ಆಡುತ್ತಾರೆ? ಆದರೆ ಆಡದ ಪ್ರಸಂಗವೇ ಯುಂಗ್‌ಶಾನನಿಗೆ ಹೆಚ್ಚು ಬಾಯಿಪಾಠ.

ಹಳೆಯ ಆಟ, ದೇವರ ಪೂಜೆ ಎಲ್ಲವನ್ನೂ ಸರಕಾರ ನಿಲ್ಲಿಸಿ, ವೇಷಗಳನ್ನು ಚೌಕದಲ್ಲಿ ರಾಶಿ ಹಾಕಿ ಸುಟ್ಟ ಆ ವರ್ಷಗಳಲ್ಲೂ ಹೀಗೇ ಆಯಿತು. ಯುಂಗ್‌ಶಾನ್ ಮನೆಯ ಹಿಂದೆ ಹಿರೀರಿಗೆ ಊದುಬತ್ತಿ ಹಚ್ಚುತ್ತಾನೆ ಎಂದು ಯಾರೋ ಹೇಳಿದರು. ಅವನ ತಲೆಗೆ ಕಾಗದದ ಉದ್ದ ಟೊಪ್ಪಿಗೆ ಹಾಕಿ ಬೀದಿಯಲ್ಲಿ ನಡೆಸಿದರು. ಆ ಟೊಪ್ಪಿಗೆ ಎಷ್ಟು ಎತ್ತರವಿತ್ತೆಂದರೆ ಅದರ ತುದಿಯಲ್ಲಿ ಗುಬ್ಬಿ ಗೂಡು ಕಟ್ಟಿ ಮರಿ ಮಾಡಿತು ಎಂದು ಅವನು ಈಗಲೂ ಹೇಳಿ ನಗಿಸುತ್ತಾನೆ. ಆ ಗುಂಪಿನಲ್ಲಿ ಲಾಯ್‌ಫು ನಿಂತಿದ್ದ. ತಲೆ ತಗ್ಗಿಸಿ ನಿಂತಿದ್ದ. ಹಸಿರು ಕಿರೀಟವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ತನ್ನ ಹಂದಿಗೂಡಿನ ಕೆಳಗೆ ಹೂತಿಟ್ಟವನು ಅವನೇ ಎಂಬುದೂ ನಿಜ. ಹೊರಗೆ ತೆಗೆದಾಗಿನಿಂದ ಅದಕ್ಕೆ ಹಂದಿಯ ವಾಸನೆ ಹೋಗಿಲ್ಲ ಎಂದು ಯುಂಗ್‌ಶಾನ್ ಅವನನ್ನು ಹಂಗಿಸುತ್ತ ಬಂದಿದ್ದ. ಹೂತವನಿಗೆ ಹೇಳಲಿಕ್ಕೂ ಗೊತ್ತಿರುತ್ತದಲ್ಲ. ಊದುಬತ್ತಿಯ ವಿಷಯ ಇನ್ಯಾರಿಗೆ ಗೊತ್ತಿತ್ತು?

ಕನ್ನಡಿಯಲ್ಲಿ ಕಪ್ಪು ಮುಖ ಹತ್ತಿರ ಬಂತು. ಲಾಯ್‌ಫು ಗಡ್ಡ ಕೊಡಲು ಬಗ್ಗಿದವನು ಹಾಗೇ ನಿಂತು, ತನ್ನ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸಿದ. ಯುಂಗ್‌ಶಾನ್ ಮೊದಲು ಅದನ್ನು ಅಣಕ ಅಂದುಕೊಂಡ, ಆಮೇಲೆ ಬಾಗಿಲಲ್ಲಿ ನಿಂತ ಗ್ವೇಲಾನಳಿಗೆ ಮಾಡಿದ ಸನ್ನೆ ಅಂದುಕೊಂಡ. ಕೊನೆಗೆ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿದ. ಚುಕ್ಕೆ ಇರಲಿಲ್ಲ. ಕೆಂಪು ಬಳಿದಾದ ಮೇಲೆ ಕೆನ್ನೆಯಲ್ಲಿ ಒಂದು ಕಪ್ಪು ಚುಕ್ಕೆ ಇಟ್ಟು ಆ ಮುಖವನ್ನು ಕೆಡಿಸಬೇಕು. ಇದು ಹಿರೀರ ಮುಖವಲ್ಲ, ಹಿರೀರ ವೇಷ ಹಾಕಿದ ಯಾವನೋ ಹೊಟ್ಟೆಪಾಡಿನವನ ಮುಖ ಎಂದು ಹಿರೀರಿಗೂ ಜನಕ್ಕೂ ತಿಳಿಯಲಿ ಎಂದು. ಗುರು ಮೊದಲು ಕಲಿಸಿದ್ದೇ ಅದು, ಬೆತ್ತದ ತುದಿಯಿಂದ ಕೆನ್ನೆಗೆ ಚುಚ್ಚಿ. ಈ ಕೈ ಅದನ್ನು ಹೇಗೆ ಮರೆಯಿತು? ಮರೆತಿಲ್ಲ, ಎಂದುಕೊಂಡ ಯುಂಗ್‌ಶಾನ್. ಇಡಬೇಕೆಂದಿದ್ದೆ, ಅಷ್ಟರಲ್ಲಿ ಇವನು ತೋರಿಸಿ ತನ್ನದು ಮಾಡಿಕೊಂಡ. ಮಸಿಯಲ್ಲಿ ಬೆರಳದ್ದಿ ಚುಕ್ಕೆ ಇಟ್ಟ. ಚುಕ್ಕೆ ಸ್ವಲ್ಪ ದೊಡ್ಡದಾಯಿತು, ನೊಣ ಕೂತ ಹಾಗೆ. ಗಡ್ಡ ಕಟ್ಟಿಕೊಂಡಾಗ ಎಲ್ಲಿಂದಲೋ ಬೆಳ್ಳುಳ್ಳಿಯ ವಾಸನೆ ಬಂತು. ಖಾಲಿ ಕಿರೀಟವನ್ನು ತಲೆಗೆ ಏರಿಸಿದ. ಅದು ಎಂದಿಗಿಂತ ಹಗುರವಾಗಿತ್ತು, ಒಂದು ಕಾಗದಕ್ಕೆ ತೂಕವಿರುವ ಹಾಗೆ.

ಮರದ ತಾಳ ಬಡಿಯಿತು. ಇವತ್ತಿನ ಪ್ರಸಂಗದಲ್ಲಿ ಹಗೆಯ ಸೇನಾಪತಿ ನದಿಯಾಚೆ ಔತಣ ಇಟ್ಟು ಹಿರೀರನ್ನು ಕರೆಯುತ್ತಾನೆ. ಪರದೆಯ ಹಿಂದೆ ಕೊಲೆಗಾರರನ್ನು ನಿಲ್ಲಿಸಿದ್ದಾನೆಂದು ತಿಳಿದೂ ಹಿರೀರು ಒಂದೇ ಕತ್ತಿ, ಒಬ್ಬನೇ ಸೇವಕನೊಂದಿಗೆ ಹೋಗುತ್ತಾರೆ. ಯುಂಗ್‌ಶಾನ್ ರೆಪ್ಪೆ ಇಳಿಸಿಕೊಂಡು ರಂಗಕ್ಕೆ ಬಂದ. ಹಿರೀರು ಕಣ್ಣು ಮುಚ್ಚಿಯೇ ಇರುತ್ತಾರೆ; ತೆರೆಯುವುದು ಕೊಲ್ಲುವ ಹೊತ್ತಿಗೆ ಮಾತ್ರ, ಆದ್ದರಿಂದ ಇಡೀ ಆಟಕ್ಕೆ ಒಮ್ಮೆ. ರೆಪ್ಪೆಯ ಸಂದಿನಲ್ಲಿ ಕಾಣುತ್ತಿದ್ದದ್ದು ಹಲಗೆ, ತನ್ನ ದಪ್ಪ ಅಟ್ಟೆಯ ಬೂಟಿನ ತುದಿ, ಹಸಿರು ಅಂಚು. ಜನ ಬೀಜ ಕಚ್ಚುವುದನ್ನು ನಿಲ್ಲಿಸಿದರು. ಆ ಮೌನದ ಮೇಲೆ ಅವನ ದನಿ ಬಿತ್ತು, ಇನ್ನೂ ಕಂಚಿನ ದನಿ, ಅದರಲ್ಲಿ ಯಾರದೂ ತಕರಾರಿಲ್ಲ. ನದಿಯನ್ನು ಕುರಿತ ಹಾಡು ಮುಗಿಯಿತು. ಔತಣದ ಬಟ್ಟಲು ಬಂತು. ಹಗೆಯವನು ಬಟ್ಟಲೆತ್ತಿ ಸಿಹಿಸಿಹಿಯಾಗಿ ಕುಡಿಯಿರೆಂದ. ಯುಂಗ್‌ಶಾನನಿಗೆ ಆ ಬಟ್ಟಲಿನಾಚೆ ಬೆಳಗಿನ ಸಂತೆಬೀದಿ ಕಂಡಿತು. ಅಲ್ಲೂ ಒಬ್ಬ ಹೀಗೇ ನಗುತ್ತ ನಿಂತಿದ್ದ, ಕೈಯಲ್ಲಿ ಅಗಲವಾದ ಕತ್ತಿ, ಮುಂದೆ ಹಬೆಯಾಡುವ ಹಂಡೆ. "ಅಜ್ಜ, ಹಲ್ಲಿದ್ರೆ ನಿಂತ್ಕೋ, ಇಲ್ದಿದ್ರೆ ಗಂಜಿ ಅಂಗಡಿ ಆ ಕಡೆ," ಎಂದಿದ್ದ ಅವನು.

ಹಲ್ಲು. ಎದ್ದು ನಿಂತು ಮೂರು ಸುತ್ತು ಬರಬೇಕು, ಮೂರನೆಯದು ಮುಗಿದಾಗ ಜನರ ಕಡೆ ತಿರುಗಿ ಕಣ್ಣು ತೆರೆಯಬೇಕು. ಯುಂಗ್‌ಶಾನ್ ಎದ್ದ. ಬೆನ್ನ ಹಿಂದೆ ಎಡಗಡೆ ಹಲಗೆ ಕುಟ್ಟಿತು. ಇವತ್ತು ನಿನ್ನ ಮಾತು ಕೇಳುವುದಿಲ್ಲ, ಎಂದುಕೊಂಡ. ಕದ್ದವನ ದಾರಿಯಲ್ಲಿ ನಡೆಯುವುದಿಲ್ಲ. ಇವತ್ತು ಗ್ವೇಲಾನ್ ನೋಡಲಿ, ಈ ಕಾಲುಗಳು ಯಾರ ಕಾಲುಗಳೆಂದು. ಒಂದು ಸುತ್ತು. ಹಸಿರು ಅಂಚು ಗಾಳಿಗೆ ಅರಳಿತು. ಬಲಗಡೆ ಕುಟ್ಟಿತು, ಅವನು ಬೇಕೆಂದೇ ಎಡಕ್ಕೆ ವಾಲಿದ. ಎರಡನೆಯ ಸುತ್ತೋ ಮೂರನೆಯದೋ, ಹಲಗೆ ಎಲ್ಲ ಕಡೆಯೂ ಹಲಗೆಯೇ. ತಾಳ ಏರಿತು, ತುದಿ ಮುಟ್ಟಿತು, ನಿಂತಿತು. ಯುಂಗ್‌ಶಾನ್ ಗಡ್ಡ ಸರಿಸಿ, ಎದೆ ಎತ್ತಿ, ಕಣ್ಣು ತೆರೆದ.

ನದಿ ಎದುರಿಗಿತ್ತು.

ರಂಗದ ಹಿಂಗೋಡೆಯ ದುಂಡು ಕಿಟಕಿಯ ಚೌಕಟ್ಟಿನೊಳಗೆ, ಹಳದಿಯಾಗಿ, ಅಗಲವಾಗಿ, ಯಾರ ಮುಖವನ್ನೂ ನೋಡುವ ಆಸೆಯಿಲ್ಲದೆ ಅದು ತನ್ನ ಪಾಡಿಗೆ ಹೋಗುತ್ತಿತ್ತು. ಜನ ಎಲ್ಲಿ ಹೋದರು? ಬೆಂಚು, ಮುದುಕಿಯರು? ಒಂದು ಕ್ಷಣ ಅವನಿಗೆ ತಾನು ಯಾವ ದಡದಲ್ಲಿದ್ದೇನೆಂದೇ ತಿಳಿಯಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಬೆನ್ನಿನ ಕಡೆಯಿಂದ ಬಂದ ಆ ಕೆಮ್ಮಿನಿಂದ ಜನ ಎಲ್ಲಿದ್ದಾರೆಂದು ಗೊತ್ತಾಯಿತು. ಉಸಿರು ಎಳೆದಾಗ ಗಡ್ಡದ ಕೂದಲಿನಿಂದ ವಾಸನೆ ಮೇಲೆದ್ದಿತು. ಬೆಳ್ಳುಳ್ಳಿ, ಕೊಬ್ಬು. ಅದು ಕೋಣೆಯ ವಾಸನೆಯಲ್ಲ, ಅವನದೇ ತುಟಿಯ ವಾಸನೆ. ಹಂಡೆಯವನ ಮುಂದೆ ಹಲ್ಲಿದೆಯೆಂದು ತೋರಿಸಲು ಕೂತದ್ದು, ಬಿಸಿ ರೊಟ್ಟಿಯೊಳಗೆ ಕತ್ತೆಯ ಮಾಂಸ, ಮೊದಲ ತುತ್ತಿಗೇ ಕಣ್ಣಲ್ಲಿ ನೀರು. ಹಗೆಯ ದೊರೆಯ ಸೆರೆಯಲ್ಲಿದ್ದಾಗ ಆಣೆಯ ಅಣ್ಣನ ಹೆಂಡತಿಯರ ಕೋಣೆಯ ಬಾಗಿಲಲ್ಲಿ ಕಾವಲಾಗಿ ಹಿರೀರು ಬೆಳಗಿನವರೆಗೆ ದೀಪ ಹಿಡಿದು ನಿಂತರಲ್ಲ, ಅವರಿಗೆ ಹಸಿವಾಗಲಿಲ್ಲವೇ, ಅವರನ್ನು ಯಾರೂ ಅಜ್ಜ ಅನ್ನಲಿಲ್ಲವೇ? ತಿನ್ನುತ್ತ ಅವನು ನದಿ ಎದ್ದು ಬಂದ ಕಥೆ ಹೇಳಿದ್ದ. ಹಂಡೆಯವನು ನಂಬಲೂ ಇಲ್ಲ, ನಗಲೂ ಇಲ್ಲ. ಆ ಕೆಂಪು ಹಚ್ಚುವ ಮುದುಕನನ್ನು ಈಗ ಹಿಂದೆ ಕತ್ತಿ ಹಿಡಿಯುವವನೇ ನಡೆಸುತ್ತಾನಂತೆ, ಎಂದ. ಆಗ ಯುಂಗ್‌ಶಾನ್ ಜೇಬಿಗೆ ಕೈ ಹಾಕಿ, ಸಿಕ್ಕಿದ ಕಾಗದದಿಂದ ಬಾಯಿ ಒರೆಸಿ, ಎದ್ದು ಬಂದಿದ್ದ. ರೊಟ್ಟಿ ಸುತ್ತಿಕೊಟ್ಟ ಕಾಗದ ಒರಟಾಗಿತ್ತು. ಬಾಯಿ ಒರೆಸಿದ ಕಾಗದ ನುಣುಪಾಗಿತ್ತು. ತುಟಿಗೆ ಈಗಲೂ ಆ ನುಣುಪು ನೆನಪಿತ್ತು. ತಲೆಗೆ ಮಾತ್ರ ಇರಲಿಲ್ಲ.

ಊದುಬತ್ತಿಯ ವಿಷಯ ಇನ್ಯಾರಿಗೆ ಗೊತ್ತಿತ್ತು? ಬಾವಿಕಟ್ಟೆಯ ಹೆಂಗಸರಿಗೆಲ್ಲ ಗೊತ್ತಿತ್ತು. ಇಡೀ ದೇಶ ಹೆದರಿ ಕೂತಿರುವಾಗ ನಾನೊಬ್ಬ ಹಿರೀರಿಗೆ ಹೊಗೆ ಹಾಕುತ್ತಿದ್ದೇನೆ ಎಂದು ಅವನೇ, ಎದೆ ತಟ್ಟಿಕೊಂಡು, ಹೇಳಿ ಬಂದಿದ್ದ.

ಕತ್ತಿಯ ಗೆಜ್ಜೆ ಸದ್ದಾಯಿತು. ಬೆನ್ನ ಹಿಂದೆ ಇರಬೇಕಾದ ಲಾಯ್‌ಫು, ಯಾವ ಪಾಠದಲ್ಲೂ ಇಲ್ಲದ ದೊಡ್ಡ ಹೆಜ್ಜೆ ಹಾಕಿ ಸುತ್ತು ಬಂದು, ಯುಂಗ್‌ಶಾನನಿಗೂ ಆ ಕಿಟಕಿಗೂ ನಡುವೆ ಮಂಡಿಯೂರಿ, ಎರಡೂ ಕೈಯಲ್ಲಿ ಕತ್ತಿಯನ್ನು ಎತ್ತಿ ಹಿಡಿದ. ನದಿ ಮರೆಯಾಯಿತು. ಹಿರೀರು ಸೇವಕನಿಂದ ಕತ್ತಿ ತೆಗೆದುಕೊಳ್ಳಲು ತಿರುಗಿದ್ದರು ಅಷ್ಟೆ. ಹಗೆಗೆ ಬೆನ್ನು ಕೊಟ್ಟು ನಿಲ್ಲುವ ಧೈರ್ಯ ಇನ್ಯಾರಿಗಿದೆ? ಯುಂಗ್‌ಶಾನನ ಕೈ ತಾನಾಗಿ ಕತ್ತಿಗೆ ಹೋಯಿತು. ಲಾಯ್‌ಫು ಬಿಡುವ ಮೊದಲು ಕೋಲನ್ನು ಒಂದಿಷ್ಟು ತಿರುಚಿದ, ಆ ತಿರುವಿನ ಜೊತೆ ಯುಂಗ್‌ಶಾನ್ ಇಡಿಯಾಗಿ ತಿರುಗಿ, ತೆರೆದ ಕಣ್ಣನ್ನು ಜನರ ಮೇಲೆ ಬಿಟ್ಟ. ಅಂಗಳ ಎದ್ದು ನಿಂತು ಕೂಗಿತು. ಗುಡಿಯ ಸೂರಿನ ಪಾರಿವಾಳಗಳು ಹಾರಿಹೋಗಿ ಮೂರು ಊರು ದಾಟುವವರೆಗೆ ಕೂರಲಿಲ್ಲ.

ಬಣ್ಣದ ಕೋಣೆಯಲ್ಲಿ ಪೀಠದ ಮುಂದೆ ಗ್ವೇಲಾನ್ ಬೆಂಕಿಪೊಟ್ಟಣ ಹಿಡಿದು ಕಾಯುತ್ತಿದ್ದಳು. ಮೇಳದವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಹಿರೀರ ಮುಖ ಒರೆಸುವವರೆಗೆ ಯಾರೂ ಕೂರುವಂತಿಲ್ಲ. ಆಟ ಅವಳಿಗೆ ಹಿಡಿಸಿತ್ತು, ಅದು ಅವಳ ಕಿವಿ ಕೆಂಪಾದದ್ದರಲ್ಲೇ ಕಾಣುತ್ತಿತ್ತು. ಮುಖ ಒರೆಸಿಕೊಳ್ಳಿ ಚಿಕ್ಕಪ್ಪ, ಕಾಗದ ಎಲ್ಲಿ, ಎಂದಳು. ಯುಂಗ್‌ಶಾನ್ ಕಿರೀಟ ಇಳಿಸಿ ಕೈಯಲ್ಲಿ ಹಿಡಿದುಕೊಂಡ. ಈಗ ಮಾತಾಡಬಹುದಿತ್ತು. ಸತ್ಯ ಅವನಿಗೆ ಗೊತ್ತಿತ್ತು, ಬಿಸಿಯಾಗಿ, ನಾಲಿಗೆಯ ಮೇಲೆ. ಆದರೆ ಅಷ್ಟು ಜನ ಒಟ್ಟಿಗೆ ಅವನ ಬಾಯನ್ನೇ ನೋಡುತ್ತಿದ್ದರು. ಜನ ಹಾಗೆ ನೋಡಿದಾಗ ಅವನ ಬಾಯಿಗೆ ಗೊತ್ತಿದ್ದದ್ದು ಒಂದೇ ಕೆಲಸ.

"ಕಾಗದ ಇಲ್ಲ," ಎಂದ, ರಂಗದ ದನಿಯಲ್ಲೇ. "ಆಟಕ್ಕೆ ಮುಂಚೇನೇ ಹೋಗಿದೆ. ಹಿರೀರ ಕಾಗದ ಕದಿಯೋ ಧೈರ್ಯ ಹೊರಗಿನೋರಿಗೆ ಎಲ್ಲಿಂದ ಬರ್ಬೇಕು? ಬೆನ್ನ ಹಿಂದೆ ನಿಂತೋರಿಗೇ ಬರ್ಬೇಕು. ಕನ್ನಡೀಲಿ ಕಣ್ಣಾರೆ ನೋಡ್ದೆ, ನನ್ನ ಕೋಟಿಗೆ ಕೈ ಹಾಕಿದ್ದ."

ಎಲ್ಲರೂ ಲಾಯ್‌ಫು ಕಡೆ ತಿರುಗಿದರು. ಕಾಗದ ಕದ್ದವನು ಮೇಳದಲ್ಲಿ ಉಳಿಯುವಂತಿಲ್ಲ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಕಪ್ಪು ಬಣ್ಣದೊಳಗಿನ ಆ ಮುಖದಲ್ಲಿ ಏನು ನಡೆಯಿತೋ ಕಾಣಲಿಲ್ಲ.

"ಹೌದಮ್ಮ," ಎಂದ ಲಾಯ್‌ಫು. "ನಾನೇ ತಗೊಂಡೆ."

"ಯಾಕೆ ಮಾಮ?"

"ಬುದ್ಧಿ ಕೆಟ್ಟಿತ್ತು. ಇಲ್ಲೇ ಇದೆ. ಹಂಗೇ ಸುಟ್ಬಿಡು, ಬಿಚ್ಚೋದು ಬೇಡ."

ಬಿಚ್ಚಬೇಡ ಎಂದದ್ದಕ್ಕೇ ಗ್ವೇಲಾನ್ ಬಿಚ್ಚಿದಳು. ಹಳದಿ ಕಾಗದದಲ್ಲಿ ಎಣ್ಣೆ ಇಳಿದು ಪಾರದರ್ಶಕವಾಗಿತ್ತು. ಹಿರೀರ ಗಡ್ಡದಿಂದ ಎದೆಯವರೆಗೆ, ಮೇಲ್ದುಟಿ ಕೆಳದುಟಿ ಸಮೇತ, ಒಂದು ಬಾಯಿ ಸ್ಪಷ್ಟವಾಗಿ ಮೂಡಿತ್ತು. ಅವಳು ಮೂಸಿ ನೋಡಿದಳು. ಕತ್ತೆ ಮಾಂಸ, ಎಂದಳು, ಯಾರಿಗೂ ಅಲ್ಲದ ಹಾಗೆ. ಗೋಡೆಯ ಹತ್ತಿರ ಯಾರಿಗೋ ನಗು ಬಂದು ಕೆಮ್ಮಾಯಿತು. ಅವಳು ಕಾಗದವನ್ನು ಮಡಿಸಿ, ಲಾಯ್‌ಫು ಮುಖವನ್ನು ಬಹಳ ಹೊತ್ತು ನೋಡಿದಳು.

"ಮಾಮ, ನೀವು ಬೆಳ್ಳುಳ್ಳಿ ಹಾಕಿದ ಪಾತ್ರೆ ಕೂಡ ಮುಟ್ಟಲ್ಲ."

ಆಮೇಲೆ ಅವಳು ಯುಂಗ್‌ಶಾನನ ಕಡೆ ತಿರುಗಿದಳು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಯುಂಗ್‌ಶಾನನ ತಲೆಯಲ್ಲಿ ಕಥೆಗಳು ಬಾಗಿಲು ಬಡಿದವು: ಹಂಡೆಯವನು ಹಗೆಯ ಗೂಢಚಾರ, ಇಲ್ಲ, ಹಿರೀರೇ ಕನಸಿನಲ್ಲಿ ಬಂದು, ಮಗನೇ, ಒಂದು ತುತ್ತು ತಿನ್ನು, ನನಗೆ ಹಸಿದು ಎಷ್ಟೋ ಕಾಲವಾಯಿತು ಎಂದರು. ಈ ಎರಡನೆಯದು ಒಳ್ಳೆಯ ಕಥೆ. ಇದನ್ನು ಹೇಳಿದರೆ ಅರ್ಧ ಕೋಣೆ ಅಳುತ್ತದೆ. ಅವನು ಬಾಯಿ ತೆರೆದ. ಆಗ ಹಿಂದೆ, ಬಲಗಡೆ, ಕತ್ತಿಯ ಬುಡ ನೆಲಕ್ಕೆ ಮೆಲ್ಲಗೆ ಕುಟ್ಟಿತು. ಲಾಯ್‌ಫು ಬೇಕೆಂದು ಕುಟ್ಟಿದನೋ, ದಣಿದ ಕೈ ನಿಜವಾಗಿ ಜಾರಿತೋ. ಯುಂಗ್‌ಶಾನ್ ಬಲಕ್ಕೆ ತಿರುಗಿದ. ಎದುರಿಗೆ ಪೀಠವಿತ್ತು, ಪೀಠದ ಮೇಲೆ ಕೆಂಪು ಮುಖ, ಅದರ ಕೆನ್ನೆಯಲ್ಲಿ ಚುಕ್ಕೆ ಇರಲಿಲ್ಲ.

"ನಾನೇ ತಿಂದೆ," ಎಂದ. ದನಿ ಅವನದಲ್ಲದ ಹಾಗೆ ಸಣ್ಣಗೆ ಬಂತು. "ಹಲ್ಲಿದ್ಯಾ ಅಂದ ಅವ್ನು. ತಿಂದೆ. ಜೇಬಲ್ಲಿ ಯಾವ ಕಾಗ್ದ ಅಂತ ನೋಡ್ದೆ ಬಾಯಿ ಒರೆಸ್ಕೊಂಡೆ. ಲಾಯ್‌ಫು ಕದ್ದಿಲ್ಲ, ಮುಚ್ಚಿಟ್ಟ. ಆಟದಲ್ಲೇ ನಂಗೆ ಗೊತ್ತಾಗಿತ್ತು. ಗೊತ್ತಿದ್ದೂ ಅವ್ನ ಹೆಸ್ರು ಹೇಳ್ದೆ."

ಗ್ವೇಲಾನ್ ಕಾಗದ ಚಾಚಿದಳು. ಅವನು ತೆಗೆದುಕೊಂಡು ಮುಖ ಒರೆಸಿಕೊಂಡ. ಕೊಬ್ಬು ಅಂಟಿದ ಕಡೆ ಬಣ್ಣ ಸಲೀಸಾಗಿ ಬಿಟ್ಟುಕೊಂಡು ಬಂತು. ಒಂದು ಕೆನ್ನೆ, ಮೂಗು, ಸುಕ್ಕುಗಟ್ಟಿದ ಬಾಯಿ. ಬೇರೆಯವರ ಹಾಸಿಗೆ ಸುತ್ತುವ ಆ ಮುದುಕ ಕನ್ನಡಿಯಲ್ಲಿ ಸ್ವಲ್ಪಸ್ವಲ್ಪವಾಗಿ ಕಾಣಿಸಿಕೊಂಡ. ಯುಂಗ್‌ಶಾನ್ ಕಿರೀಟವನ್ನು ಅವಳ ಕೈಗೆ ಕೊಟ್ಟು, ಕೆಂಪನ್ನು ಬೇರೆ ಯಾರಿಗಾದರೂ ಹಚ್ಚು ಎಂದ. ಆ ಯಾರು ಎಂಬುದನ್ನು ಆಮೇಲೆ ನೋಡೋಣ ಎಂದಳು ಅವಳು. ಲಾಯ್‌ಫು ಮಾಮನನ್ನು ಕೇಳಿದ್ದಾಯಿತು, ಅವರು ಒಲ್ಲೆ ಅಂದರು. ಅವರು ಬಾವಿಯ ಹತ್ತಿರ ಬಂದು ಕೇಳಿದ್ದು ಒಂದೇ.

"ರಂಗದ ಹಿಂದಿನ ದುಂಡು ಕಿಟಕಿಗೆ ಒಂದು ಪರದೆ ಹಾಕ್ಸಮ್ಮ ಅಂದ್ರು. ಯಾಕೆ ಅಂದ್ರೆ ಬಾಯಿ ಬಿಡ್ಲಿಲ್ಲ. ಯಾಕೆ ಚಿಕ್ಕಪ್ಪ?"

ಯುಂಗ್‌ಶಾನ್ ಲಾಯ್‌ಫು ಕಡೆ ನೋಡಿದ. ಲಾಯ್‌ಫು ಕತ್ತಿಯ ಗೆಜ್ಜೆಗಳನ್ನು ಒಂದೊಂದಾಗಿ ಒರೆಸುತ್ತಿದ್ದ, ಈ ಮಾತು ತನಗೆ ಸಂಬಂಧಿಸಿದ್ದೇ ಅಲ್ಲ ಎಂಬಂತೆ. ಹೊರಗೆ ಬೆಂಚುಗಳನ್ನು ಎತ್ತುತ್ತಿದ್ದರು. ಯಾರೋ ಹೆಂಗಸು, ಹಿರೀರು ಹಗೆಗೆ ಬೆನ್ನು ಕೊಟ್ಟು ನಿಂತ ಪರಿಯನ್ನು ಇನ್ನೊಬ್ಬಳಿಗೆ ಬಣ್ಣಿಸುತ್ತ ಹೋಗುತ್ತಿದ್ದಳು.

"ಈಗೀಗ ತಿರುಗೋವಾಗ ನಂಗೆ ದಿಕ್ಕು ತಪ್ಪುತ್ತಮ್ಮ," ಎಂದ ಯುಂಗ್‌ಶಾನ್. "ಇವ್ನು ಕುಟ್ತಾನೆ, ನಾನು ನಡೀತೀನಿ. ಹೋದ ಶರತ್ಕಾಲದಲ್ಲಿ ಮೊದಲ್ನೇ ಸಲ ತಪ್ಪಿದ್ದು. ಕಣ್ಣು ಬಿಟ್ರೆ ಜನ ಇಲ್ಲ, ಎದುರಿಗೆ ಬರೀ ನದಿ. ಹೆದರಿಬಿಟ್ಟೆ. ನದಿ ಎಲ್ಲೂ ಬಂದಿರ್ಲಿಲ್ಲ. ತಿರುಗಿ ನಿಂತಿದ್ದು ನಾನು."